ಮಡಚುವ ಸೈಕಲ್: ತುಳಿದು ನೋಡುವ ಮುಂಚೆ ಅಳೆದು ನೋಡಿ

ಮಡಚುವ ಸೈಕಲ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಸಾಮಾನ್ಯವಾಗಿ ಮಾಡುವುದು ಒಂದೇ ಪರೀಕ್ಷೆ. ಹತ್ತಿ ಕೂತು ಬೀದಿಯಲ್ಲಿ ಎರಡು ಸುತ್ತು ಹೊಡೆಯುತ್ತಾರೆ, ಬಣ್ಣ ಒಪ್ಪಿಗೆಯಾದರೆ ಹಣ ಕಟ್ಟಿ ಬರುತ್ತಾರೆ. ಮಡಚಿದಾಗ ಅದು ಎಷ್ಟು ಜಾಗ ಹಿಡಿಯುತ್ತದೆ, ಎಷ್ಟು ತೂಗುತ್ತದೆ, ಮಡಚಿದ ಮೇಲೆ ಬಿಚ್ಚಿಕೊಳ್ಳದೆ ನಿಲ್ಲುತ್ತದೆಯೇ ಎಂದು ನೋಡುವವರು ಕಡಿಮೆ. ಕೆಲವೇ ತಿಂಗಳಲ್ಲಿ ಅದೇ ಸೈಕಲ್ ‘ಹೆಚ್ಚು ಬಳಸಿಲ್ಲ’ ಎಂಬ ಒಕ್ಕಣೆಯೊಂದಿಗೆ ಮರುಮಾರಾಟಕ್ಕೆ ಬರುತ್ತದೆ. ಈ ಸೈಕಲ್‌ಗೆ ಕೊಡುವ ಹೆಚ್ಚಿನ ಬೆಲೆಯೆಲ್ಲ ಅದರ ಮಡಿಕೆಗೆ, ಸವಾರಿಗಲ್ಲ. ಹಾಗಾಗಿ ಮೊದಲು ಪರೀಕ್ಷೆಗೆ ಒಡ್ಡಬೇಕಾದದ್ದೂ ಮಡಿಕೆಯನ್ನೇ. ದಿನಕ್ಕೊಮ್ಮೆಯೂ ಮಡಚುವ ಸಂದರ್ಭ ಬಾರದವರು ಸಾಮಾನ್ಯ ಗೇರ್ ಸೈಕಲ್ ಕೊಳ್ಳುವುದೇ ವಾಸಿ. ಅದು ಅಗ್ಗ, ಗಟ್ಟಿ, ನಮ್ಮ ಗುಂಡಿಗಳಿಗೂ ಒಗ್ಗುತ್ತದೆ.

ಪಶ್ಚಿಮ ಬೆಂಗಳೂರಿನಲ್ಲಿ ಇದರ ಅಗತ್ಯ ಯಾರಿಗೆ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಮೆಟ್ರೊದ ಹಸಿರು ಮಾರ್ಗ ರಾಜಾಜಿನಗರದ ಅಂಚು ಸವರಿಕೊಂಡು ಹೋಗುತ್ತದೆ. ನೇರಳೆ ಮಾರ್ಗ ಮಾಗಡಿ ರಸ್ತೆ, ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆ ದಾಟಿ, 2021ರ ಆಗಸ್ಟ್‌ನಲ್ಲಿ ಕೆಂಗೇರಿಗೂ 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೂ ಮುಟ್ಟಿತು. ಎರಡರ ನಡುವೆ ಉಳಿದ ಬಸವೇಶ್ವರನಗರ, ಕುರುಬರಹಳ್ಳಿ, ಕಾಮಾಕ್ಷಿಪಾಳ್ಯದವರಿಗೆ ನಿಲ್ದಾಣ ನಡೆಯಲು ದೂರ, ಆಟೊದವರು ಬರಲೊಪ್ಪದಷ್ಟು ಹತ್ತಿರ. ಉಲ್ಲಾಳ, ಕೆಂಗೇರಿ ಉಪನಗರದ ಒಳಬಡಾವಣೆಗಳದ್ದೂ ಇದೇ ಕಥೆ. ನಿಲ್ದಾಣದಲ್ಲೇ ಸೈಕಲ್ ನಿಲ್ಲಿಸಿ ರೈಲು ಹತ್ತಬಹುದಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮನೆಯ ಕಡೆಯ ದೂರವೊಂದೇ ತೊಡಕಾಗಿದ್ದರೆ ಹಳೆಯದೊಂದು ಸೈಕಲ್, ಒಳ್ಳೆಯದೊಂದು ಬೀಗ ಸಾಕು. ಇಳಿಯುವ ನಿಲ್ದಾಣದಿಂದ ಕಚೇರಿಗೂ ಎರಡು ಕಿಲೋಮೀಟರ್ ಇದ್ದವರಿಗೆ ಮಡಚುವುದು ಉಪಯೋಗಕ್ಕೆ ಬರುತ್ತದೆ. ಮೂವತ್ತು–ನಲವತ್ತರ ಸೈಟಿನಲ್ಲಿ ಮೇಲೆ ಮೇಲೆ ಬಾಡಿಗೆ ಮನೆ ಕಟ್ಟಿ, ಕೆಳಗಿನ ಜಾಗವೆಲ್ಲ ಮಾಲೀಕರ ಕಾರಿಗೇ ಸರಿಹೋಗಿರುವ ಕಡೆ ಮೂರನೇ ಮಹಡಿಯಲ್ಲಿ ಇರುವವರಿಗೂ ಬರುತ್ತದೆ. ಈ ಎರಡು ಗುಂಪಿಗೆ ಸೇರದವರು ಇಲ್ಲಿಂದ ಮುಂದೆ ಓದದಿದ್ದರೂ ನಷ್ಟವಿಲ್ಲ.

ಮೆಟ್ರೊದಲ್ಲಿ ಒಯ್ಯುವವರು ಎಡವುವ ಜಾಗ ಒಂದಿದೆ. ಮಡಚಿದ ಸೈಕಲ್‌ಗೆ ಅನುಮತಿ ಇದೆ ಎಂಬಷ್ಟನ್ನು ಕೇಳಿಕೊಂಡು ಅಂಗಡಿಗೆ ಹೋಗುತ್ತಾರೆ, ಅನುಮತಿಯ ಜೊತೆಗಿನ ಅಳತೆಯನ್ನು ಓದಿರುವುದಿಲ್ಲ. 2021ರ ನವೆಂಬರ್‌ನಲ್ಲಿ ಮೆಟ್ರೊ ನಿಗಮ ಪ್ರಕಟಿಸಿದ ನಿಯಮದಂತೆ ಮಡಚಿದ ಸೈಕಲ್ 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 25 ಸೆಂ.ಮೀ. ದಪ್ಪ ಮೀರಬಾರದು, ತೂಕ 15 ಕಿಲೋ ದಾಟಬಾರದು, ಸ್ಕ್ಯಾನರ್‌ನಲ್ಲಿ ಹಾಯಿಸಬೇಕು, ಕೊನೆಯ ಬೋಗಿಗೇ ಹತ್ತಬೇಕು. ಈಗ ಲೆಕ್ಕ ಹಾಕಿ. ನಮ್ಮಲ್ಲಿ ಹೆಚ್ಚಾಗಿ ಮಾರಾಟವಾಗುವುದು 20 ಇಂಚಿನ ಚಕ್ರದವು. ಅದರ ರಿಮ್ಮಿನ ಮೇಲೆ ಟೈರ್ ಕೂರುವ ವ್ಯಾಸವೇ ಸುಮಾರು 40 ಸೆಂ.ಮೀ.; ಮೇಲೆ ಟೈರೂ ಸೇರಿದರೆ 50. ಚಕ್ರವೊಂದೇ 45ರ ಮಿತಿ ದಾಟಿತು. ಫ್ರೇಮು, ಹ್ಯಾಂಡಲ್, ಪೆಡಲ್‌ಗಳ ಮಾತು ಇನ್ನೂ ಬಂದಿಲ್ಲ. ಆ್ಯಂಡ್ರ್ಯೂ ರಿಚಿ 1970ರ ದಶಕದಲ್ಲಿ ಲಂಡನ್ನಿನಲ್ಲಿ ರೂಪಿಸಿದ ಬ್ರಾಂಪ್ಟನ್, ಮಡಚಿದಾಗ ಅತಿ ಚಿಕ್ಕದಾಗುವ ಸೈಕಲ್‌ಗಳಲ್ಲಿ ಒಂದೆಂದು ಹೆಸರಾದದ್ದು. ಅದರ ಚಕ್ರ 16 ಇಂಚಿನದು. ಅದು ಕೂಡ ಮಡಚಿದಾಗ ಹೆಚ್ಚುಕಡಿಮೆ 58 × 56 × 27 ಸೆಂ.ಮೀ. ಆಗುತ್ತದೆ. ಅಂದರೆ ನಿಯಮವನ್ನು ಅಕ್ಷರಶಃ ಹಿಡಿದು ಕೂತರೆ ಲಕ್ಷಾಂತರ ರೂಪಾಯಿ ಕೊಟ್ಟವರಿಗೂ ಬಾಗಿಲು ಮುಚ್ಚುತ್ತದೆ. ಸೂಟ್‌ಕೇಸಿಗೆ ಹೊಂದುವ ಅಳತೆಯನ್ನು ಸೈಕಲ್‌ಗೆ ಹಚ್ಚಿದ್ದು ಸರಿಯಲ್ಲ, ತಿದ್ದಬೇಕು. ಆದರೆ ನಿಮ್ಮ ಹಣ ಖರ್ಚಾಗುವುದು ಇವತ್ತಿನ ನಿಯಮದ ಅಡಿಯಲ್ಲೇ. ಅಳತೆಯ ಆಚೆ ಇರುವುದನ್ನು ಬಿಡುವುದೂ ಬಿಡದಿರುವುದೂ ತಪಾಸಣೆಯಲ್ಲಿ ನಿಂತ ಸಿಬ್ಬಂದಿಯ ವಿವೇಚನೆ.

ಆದ್ದರಿಂದ ಕ್ರಮ ಹೀಗಿರಲಿ. ಅಂಗಡಿಯವರು ಮಡಚಿ ತೋರಿಸುವುದನ್ನು ನೋಡಿ ತೃಪ್ತರಾಗಬೇಡಿ, ನೀವೇ ಮಡಚಿ. ಆಮೇಲೆ ಅಳತೆ ಪಟ್ಟಿ ಹಿಡಿದು ಅತಿ ಹೆಚ್ಚು ಹೊರಚಾಚಿದ ತುದಿಗಳ ನಡುವೆ ಅಳೆಯಿರಿ. ಕಂಪನಿಯ ಹಾಳೆಯಲ್ಲಿ ಬರೆದ ಅಳತೆಯನ್ನು ನೆಚ್ಚಬೇಡಿ. ಪೆಡಲ್ ಕಳಚಿ, ಸೀಟಿನ ಕಂಬ ತೆಗೆದು ಅಳೆದದ್ದೂ ಅಲ್ಲಿರಬಹುದು. ನಿಜ ಬಳಕೆಯಲ್ಲಿ ಒಂದು ಪೆಡಲ್ ಮಡಚಿಕೊಂಡರೂ ಇನ್ನೊಂದು ಹೊರಗೇ ನಿಂತು ಪಕ್ಕದವರ ಮೀನಖಂಡಕ್ಕೆ ತಾಗುತ್ತದೆ. ಹಾಗಾಗಿ ಎರಡೂ ಪೆಡಲ್ ಮಡಚಿಕೊಳ್ಳುವಂಥದ್ದನ್ನೇ ಕೇಳಿ. ಮಡಚಿದ ಮೇಲೆ ಹ್ಯಾಂಡಲ್ ಎರಡು ಚಕ್ರಗಳ ನಡುವೆ ಸೇರಿಕೊಂಡರೆ ದಪ್ಪ ಕಡಿಮೆ, ಹೊರಪಕ್ಕಕ್ಕೆ ಇಳಿಬಿದ್ದರೆ ಹೆಚ್ಚು. ಚೈನು ಒಳಮುಖವಾಗಿದ್ದರೆ ಪ್ಯಾಂಟಿಗೆ ಮಸಿಯಿಲ್ಲ. ಮಡಚಿದ್ದನ್ನು ಎತ್ತಿ ಒಮ್ಮೆ ಅಲ್ಲಾಡಿಸಿ. ಎರಡು ಚಕ್ರಗಳನ್ನು ಹಿಡಿದಿಡುವ ಆಯಸ್ಕಾಂತ ದುರ್ಬಲವಾಗಿದ್ದರೆ ಎಸ್ಕಲೇಟರ್ ನಡುವೆ ಬಾಯಿ ಬಿಡುತ್ತದೆ. ಅಂಥದ್ದಕ್ಕೆ ವೆಲ್ಕ್ರೊ ಪಟ್ಟಿ ಬೇಕೇ ಬೇಕು. ಮಡಚಿದ ಮೇಲೂ ಉರುಳಿಸಿಕೊಂಡು ಹೋಗಲು ಬಂದರೆ ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸುವವರ ತೋಳು ಬದುಕುತ್ತದೆ. ಹೀಗೆ ಬಂದ ಮೂರು ಅಳತೆಗಳನ್ನೂ ಫೋನಿನಲ್ಲಿ ತೆಗೆದ ಚಿತ್ರವನ್ನೂ ನಿಮ್ಮ ನಿಲ್ದಾಣದ ಸಿಬ್ಬಂದಿಗೆ ತೋರಿಸಿ ಕೇಳಿ, ನಂತರ ಹಣ ಕಟ್ಟಿ. ಬೆಳಿಗ್ಗೆ ಹತ್ತುವ ನಿಲ್ದಾಣದಲ್ಲಿ ಮಾತ್ರ ಕೇಳಿದರೆ ಸಾಲದು. ಸಂಜೆ ಹತ್ತುವ ನಿಲ್ದಾಣದ ತಪಾಸಣೆಯೇ ಬೇರೆ. ಅಲ್ಲಿ ತಡೆದರೆ ಚರ್ಚ್‌ಸ್ಟ್ರೀಟಿನಿಂದ ವಿಜಯನಗರದವರೆಗೆ ತುಳಿದುಕೊಂಡೇ ಬರಬೇಕು.

ತೂಕದಲ್ಲೂ ಇದೇ ಮೋಸ. ಹಾಳೆಯಲ್ಲಿ 13 ಕಿಲೋ ಎಂದಿದ್ದರೆ ಅದು ಬರೀ ಸೈಕಲ್ಲಿನ ತೂಕವಿರಬಹುದು. ಕ್ಯಾರಿಯರ್, ಮಡ್‌ಗಾರ್ಡ್, ಸ್ಟ್ಯಾಂಡ್, ಗಟ್ಟಿ ಬೀಗ ಸೇರಿದರೆ ಎರಡು ಕಿಲೋ ಸಲೀಸಾಗಿ ಏರಿ 15ರ ಗೆರೆ ಮುಟ್ಟುತ್ತದೆ. ಎಲ್ಲ ಹಾಕಿಸಿದ ಮೇಲೆ ಲಗೇಜ್ ತೂಗುವ ಕೊಕ್ಕೆಗೆ ಸಿಕ್ಕಿಸಿ ತೂಗಿ, ಬಳಿಕ ಒಂದು ಮಹಡಿ ಹತ್ತಿ ನೋಡಿ. ಪಶ್ಚಿಮದ ನಿಲ್ದಾಣಗಳೆಲ್ಲ ಎತ್ತರದ ಕಂಬಗಳ ಮೇಲಿವೆ, ಲಿಫ್ಟಿನ ಮುಂದೆ ವಯಸ್ಸಾದವರ ಸಾಲು ಇರುತ್ತದೆ. ಬ್ಯಾಟರಿಯದ್ದೇ ತೆಗೆದುಕೊಂಡರೆ ಹೇಗೆ ಎಂದು ಕೇಳುವವರಿದ್ದಾರೆ. ಮೋಟಾರು, ಬ್ಯಾಟರಿ ಸೇರಿದ ಮಡಚುವ ಸೈಕಲ್‌ಗಳಲ್ಲಿ ಬಹುತೇಕ 15 ಕಿಲೋ ದಾಟಿರುತ್ತವೆ. ಮೆಟ್ರೊ ಬೇಡವೆಂದರೆ ಕೊಳ್ಳಬಹುದು. ಆದರೆ ಮೆಟ್ರೊ ಬೇಡವಾಗಿ, ಮನೆಯಲ್ಲಿ ಜಾಗದ ತೊಡಕೂ ಇಲ್ಲದಿದ್ದರೆ ಮಡಿಕೆಯೇ ಯಾಕೆ ಬೇಕು?

ಚಿಕ್ಕ ಚಕ್ರದಲ್ಲಿ ಎಷ್ಟು ತುಳಿದರೂ ಮುಂದೆ ಹೋಗದು ಎಂಬ ಆಕ್ಷೇಪಕ್ಕೆ ಉತ್ತರ ಗೇರಿನ ಹಲ್ಲುಗಳಲ್ಲಿದೆ. 20 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 1.55 ಮೀಟರ್ ಸಾಗುತ್ತದೆ. ಮುಂದಿನ ಹಲ್ಲುಗಾಲಿಯಲ್ಲಿ 52 ಹಲ್ಲು, ಹಿಂದಿನ ಅತಿ ಚಿಕ್ಕದರಲ್ಲಿ 14 ಇದ್ದರೆ ಪೆಡಲ್ ಒಂದು ಸುತ್ತಿಗೆ 5.8 ಮೀಟರ್, ಸಪಾಟು ರಸ್ತೆಯಲ್ಲಿ ಹಳೆಯ ಕರಿ ಸೈಕಲ್ಲಿಗೆ ಕಡಿಮೆಯಿಲ್ಲ. ನಮ್ಮ ಭಾಗದಲ್ಲಿ ಅದಕ್ಕಿಂತ ಮುಖ್ಯವಾದದ್ದು ಏರು. ವೃಷಭಾವತಿಯ ಕಣಿವೆ ಈ ಬಡಾವಣೆಗಳ ನಡುವೆ ಹಾದಿರುವುದರಿಂದ ನಾಯಂಡಹಳ್ಳಿ ಕಡೆಯಿಂದ ಚಂದ್ರಾ ಬಡಾವಣೆ, ವಿಜಯನಗರದ ಕಡೆಗೆ ಬರುವುದೆಂದರೆ ಹತ್ತುವುದೇ. ಅಲ್ಲಿ ಬೇಕಾದದ್ದು ಒಂದು ಸುತ್ತಿಗೆ ಮೂರು ಮೀಟರಿಗಿಂತ ಕಡಿಮೆ. ಮುಂದಿನ ಹಲ್ಲುಗಳನ್ನು ಹಿಂದಿನ ಅತಿ ದೊಡ್ಡ ಗಾಲಿಯ ಹಲ್ಲುಗಳಿಂದ ಭಾಗಿಸಿ 1.55ರಿಂದ ಗುಣಿಸಿ: 52ಕ್ಕೆ 28 ಇದ್ದರೆ 2.9 ಬರುತ್ತದೆ, ಸಾಕು. ಗೇರಿಲ್ಲದ ಅಗ್ಗದ ಮಾದರಿಯಲ್ಲಿ ಈ ಸಂಖ್ಯೆ ನಾಲ್ಕು ದಾಟಿರುತ್ತದೆ. ಗುಂಡಿಯ ವಿಷಯದಲ್ಲಿ ಮಾತ್ರ ಆಕ್ಷೇಪ ನಿಜ. ಚಿಕ್ಕ ಚಕ್ರ ಗುಂಡಿಯೊಳಕ್ಕೆ ಹೆಚ್ಚು ಇಳಿಯುತ್ತದೆ, ವೈಟ್‌ಟಾಪಿಂಗ್ ರಸ್ತೆಯ ಅಂಚಿನಲ್ಲಿ ತಡಬಡಾಯಿಸುತ್ತದೆ. ಒಂದೂಮುಕ್ಕಾಲು ಇಂಚಿಗಿಂತ ತೆಳ್ಳಗಿನ ಟೈರ್ ಇಲ್ಲಿಗೆ ಬೇಡ.

ಟೈರ್ ಕೊಳ್ಳುವಾಗ ಅದರ ಪಕ್ಕದಲ್ಲಿ ಅಚ್ಚಾದ ಸಂಖ್ಯೆ ಓದಿ. 47-406 ಎಂಬಂತೆ ಕೊನೆಯಲ್ಲಿ 406 ಇದ್ದರೆ ಅದು ಮಕ್ಕಳ 20 ಇಂಚಿನ ಸೈಕಲ್ಲಿಗೂ ಬರುವ ಅಳತೆ, ಬೀದಿಯ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ. 451 ಎಂದಿದ್ದರೆ ಅದೂ 20 ಇಂಚೇ, ಆದರೆ ಒಂದರದ್ದು ಇನ್ನೊಂದಕ್ಕೆ ಕೂರದು. 16 ಇಂಚಿನಲ್ಲಿ 305 ಸುಲಭವಾಗಿ ಸಿಗುತ್ತದೆ, 349 ತರಿಸಿಕೊಳ್ಳಬೇಕು. ಕೀಲು ನೋಡಲು ಮುಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲನ್ನು ಹಿಂದೆ ಮುಂದೆ ತೂಗಿ, ಇನ್ನೊಂದು ಕೈಯ ಬೆರಳನ್ನು ಕೀಲಿನ ಸಂದಿಯ ಮೇಲಿಡಿ. ಟಕ್ಕೆಂದು ಬೆರಳಿಗೆ ಅದುರಿದರೆ ಅಲ್ಲೇ ಬಿಗಿ ಮಾಡಿಸಿ. ಬಿಗಿ ಮಾಡಿದರೂ ಅದುರಿದರೆ ಆ ಸೈಕಲ್ ಬೇಡ. ಹ್ಯಾಂಡಲ್ ಕಂಬದ ಕೀಲನ್ನೂ ಹೀಗೇ ನೋಡಿ, ಅದು ಕಳಚಿದರೆ ಮುಖವೇ ನೆಲಕ್ಕೆ.

ಸಾಮಾನು ತರುವವರಿಗೆ ಎರಡು ಮಾತು. ಸವಾರರೂ ಸಾಮಾನೂ ಸೇರಿ ಎಷ್ಟು ಭಾರ ತಾಳುತ್ತದೆಂದು ಕೈಪಿಡಿಯಲ್ಲಿರುತ್ತದೆ, ಹಲವು ಮಾದರಿಗಳಲ್ಲಿ ನೂರು ಕಿಲೋದ ಆಸುಪಾಸು. ಎಂಬತ್ತು ಕಿಲೋದವರು 25 ಕಿಲೋ ಅಕ್ಕಿ ಮೂಟೆ ಏರಿಸಿದರೆ ಮಿತಿ ದಾಟಿತು. ಹಿಂದಿನ ಕ್ಯಾರಿಯರ್‌ಗೆ ಚೀಲ ಇಳಿಬಿಟ್ಟರೆ ತುಳಿಯುವಾಗ ಹಿಮ್ಮಡಿ ತಾಗುತ್ತದೆ, ಮುಂಬದಿಯ ಬುಟ್ಟಿ ಮೇಲು. ಮೊದಲ ತಿಂಗಳ ಸರ್ವಿಸ್ ತಪ್ಪಿಸಬೇಡಿ, ಹೊಸ ಕೀಲು, ಬ್ರೇಕ್ ಕೇಬಲ್ ಎರಡೂ ಸಡಿಲವಾಗುತ್ತವೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮೆಟ್ರೊ ಹತ್ತಬೇಕಾದವರು ಅರ್ಧ ಗಂಟೆ ಮುಂಚೆ ಹೊರಡಿ. ಹಳೆಯ ಬೆಡ್‌ಶೀಟಿನಿಂದ ಒಂದು ಹೊದಿಕೆ ಹೊಲಿಸಿ. ಬಿಲ್ಲಿನಲ್ಲಿ ಫ್ರೇಮ್ ಸಂಖ್ಯೆ ಬರೆಸಿಕೊಳ್ಳಿ.