ಎಳೆಯ ನಾಯಿಗಳಿಗೆ ಬರುವ ಕೀಲುವಾತವೂ ಅದರ ಉಪಚಾರವೂ

ಕುರಿಮಂದೆಯನ್ನು ತೋಳದಿಂದಲೂ, ಬೆಳೆಯನ್ನು ಕಾಡುಹಂದಿಯಿಂದಲೂ, ಮನೆಯನ್ನು ಕಳ್ಳರಿಂದಲೂ ಕಾಯುವ ನಾಯಿಯು ಒಕ್ಕಲುಮನೆಗೆ ಎಷ್ಟು ಉಪಕಾರಿಯೆಂಬುದನ್ನು ವಿವರಿಸಬೇಕಾಗಿಲ್ಲ. ಆದರೂ ಎತ್ತು ಕುಂಟಿದರೆ ಆ ದಿನವೇ ಪಶುವೈದ್ಯರಿಗೆ ಹೇಳಿ ಕಳುಹಿಸುವವರು, ನಾಯಿ ಕುಂಟಿದರೆ ಎಲ್ಲಿಯೋ ಉಳುಕಿರಬೇಕೆಂದು ಸುಮ್ಮನಾಗುವುದು ವಾಡಿಕೆಯಾಗಿದೆ. ಕೀಲುವಾತವು ಮುದಿನಾಯಿಗಳ ಕಾಯಿಲೆಯೆಂಬ ನಂಬಿಕೆಯೇ ಇದಕ್ಕೆ ಮುಖ್ಯ ಕಾರಣ. ಒಂದೆರಡು ವರ್ಷದ ಚುರುಕಾದ ನಾಯಿಗೂ ಇದು ಬರುವುದುಂಟು. ಸವೆದ ಕೀಲು ಮತ್ತೆ ಮೊದಲಿನಂತಾಗುವುದಿಲ್ಲ. ಆದರೆ ಬೇಗನೆ ಗುರುತಿಸಿ ಕ್ರಮವರಿತು ಪೋಷಿಸಿದರೆ, ಇನ್ನೂ ಹಲವು ವರ್ಷ ಬಾಳಬೇಕಾದ ಆ ಪ್ರಾಣಿಯು ನೋವಿಲ್ಲದೆ ಓಡಾಡಿಕೊಂಡು ಯಜಮಾನನ ಕೆಲಸಕ್ಕೆ ಒದಗುತ್ತದೆ.

ರೋಗದ ಸ್ವರೂಪ.— ಎಲುಬುಗಳು ಕೂಡುವ ಕಡೆಯಲ್ಲಿ ಅವುಗಳ ತುದಿಗೆ ನುಣುಪಾದ ಮೆಲ್ಲೆಲುಬಿನ ಹೊದಿಕೆಯಿದ್ದು, ನಡುವೆ ಜಿಗುಟಾದ ದ್ರವವಿರುತ್ತದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹೇಗೋ ಕೀಲಿಗೆ ಈ ದ್ರವವು ಹಾಗೆ. ಹೊದಿಕೆಯು ಸವೆದರೆ ಕೀಲು ಊದಿ, ನೋವು ಹುಟ್ಟಿ, ಕ್ರಮೇಣ ಅಂಚಿನಲ್ಲಿ ಎಲುಬು ಮೊಳೆತು ಕೀಲು ಬಿಗಿದುಕೊಳ್ಳುತ್ತದೆ.

ಲಕ್ಷಣಗಳು.— ನಾಯಿಯು ನೋವನ್ನು ಕೂಗಿ ಹೇಳುವುದು ಅಪರೂಪ. ಮಲಗಿದ್ದು ಎದ್ದಾಗ ಮೊದಲ ಹತ್ತು ಹೆಜ್ಜೆ ಬಿಗಿಯಾಗಿಟ್ಟು ಅನಂತರ ಸರಿಯಾಗಿ ನಡೆಯುವುದು, ಓಡುವಾಗ ಹಿಂಗಾಲುಗಳೆರಡನ್ನೂ ಮೊಲದಂತೆ ಒಟ್ಟಿಗೆ ಎತ್ತಿಡುವುದು, ಹಿಂದೆ ಹಾರುತ್ತಿದ್ದ ಜಗುಲಿಯನ್ನು ಹತ್ತಲು ಅನುಮಾನಿಸುವುದು, ಒಂದೇ ಕೀಲನ್ನು ಸದಾ ನೆಕ್ಕುವುದು, ಮುಟ್ಟಿದರೆ ಗುರುಗುಟ್ಟುವುದು, ಒಂದು ತೊಡೆಯ ಮಾಂಸ ಇಳಿದುಹೋಗುವುದು, ಇವೇ ಗುರುತುಗಳು. ಮೊದಲು ಸಾಧುವಾಗಿದ್ದ ನಾಯಿಯು ಸಿಡುಕಿದರೆ ಹೊಡೆಯುವುದಕ್ಕೆ ಮುಂಚೆ ಅದರ ಕಾಲುಗಳನ್ನು ಪರೀಕ್ಷಿಸತಕ್ಕದ್ದು.

ಕಾರಣಗಳು.— ಲ್ಯಾಬ್ರಡಾರ್, ಜರ್ಮನ್ ಷೆಪರ್ಡ್ ಮುಂತಾದ ಭಾರೀ ತಳಿಗಳಲ್ಲಿ ತೊಡೆಯೆಲುಬಿನ ಗುಂಡು ಸೊಂಟದ ಗುಳಿಯಲ್ಲಿ ಸರಿಯಾಗಿ ಕೂರದ ದೋಷವು ವಂಶಪಾರಂಪರ್ಯವಾಗಿ ಬರುವುದು ಹೆಚ್ಚು. ಮುಧೋಳ ನಾಯಿಯಂತಹ ತೆಳುಮೈಯ ಬೇಟೆನಾಯಿಗಳಲ್ಲಿ ಈ ದೋಷವು ಕಡಮೆ; ಆದರೆ ವೇಗವಾಗಿ ಓಡಿ ತಟ್ಟನೆ ತಿರುಗುವುದರಿಂದ ಮಂಡಿಯ ಕಟ್ಟು ಹರಿಯುವುದು, ಎಲುಬು ಮುರಿಯುವುದು ಮೊದಲಾದ ಪೆಟ್ಟುಗಳಿಂದ ಅವಕ್ಕೂ ಕೀಲುವಾತವು ಉಂಟಾಗಬಹುದು. ಉಣ್ಣೆಗಳಿಂದ ಹರಡುವ ಜ್ವರದಲ್ಲಿಯೂ ಹಲವು ಕೀಲುಗಳು ಒಮ್ಮೆಗೇ ಊದಿಕೊಳ್ಳುವುದುಂಟು. ಜ್ವರ, ಆಹಾರ ಬಿಡುವುದು, ಮೂಗಿನಲ್ಲಿ ರಕ್ತ ಇವು ಕುಂಟುವಿಕೆಯೊಡನೆ ಕಂಡರೆ ತಡಮಾಡದೆ ರಕ್ತಪರೀಕ್ಷೆ ಮಾಡಿಸಬೇಕು; ಇದಕ್ಕೆ ತಕ್ಕ ಔಷಧವುಂಟು. ಬೆಳೆಯುವ ಮರಿಗೆ ಬರೀ ಅನ್ನವನ್ನೋ ಬರೀ ಮಾಂಸವನ್ನೋ ಹಾಕಿದರೆ ಸುಣ್ಣಾಂಶ ಸಾಲದೆ ಎಲುಬು ಬಾಗುತ್ತದೆ. ಹಾಗೆಂದು ಭಾರೀ ತಳಿಯ ಮರಿಗೆ ಸುಣ್ಣಾಂಶದ ಪುಡಿಯನ್ನು ಮನಬಂದಂತೆ ತಿನ್ನಿಸಿದರೂ ಎಲುಬಿನ ಬೆಳವಣಿಗೆ ಕೆಡುತ್ತದೆ. ಆದುದರಿಂದ ಉಪಚಾರಕ್ಕೆ ಮುಂಚೆ ಕಾರಣವನ್ನು ತಿಳಿಯುವುದು ಅವಶ್ಯ. ಎರಡು ದಿನಕ್ಕಿಂತ ಹೆಚ್ಚು ಕಾಲ ಕುಂಟುವ ನಾಯಿಯನ್ನು ಪಶುವೈದ್ಯಶಾಲೆಗೆ ಕರೆದೊಯ್ದು, ಬೇಕಾದರೆ ಕ್ಷಕಿರಣದ ಚಿತ್ರ ತೆಗೆಯಿಸತಕ್ಕದ್ದು.

ಆಹಾರ.— ಮೈತೂಕವನ್ನು ಮಿತಿಯಲ್ಲಿಡುವುದು ಎಲ್ಲಕ್ಕಿಂತ ಮುಖ್ಯವಾದ ಉಪಾಯ. ಅಮೆರಿಕಾ ದೇಶದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಮರಿತನದಿಂದ ಕೊನೆಯವರೆಗೆ ಪರೀಕ್ಷಿಸಿ 2002ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಜೋಡಿಯಲ್ಲೊಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಮೆ ಆಹಾರವಿತ್ತು. ಕಡಮೆ ತಿಂದ ನಾಯಿಗಳು ಸುಮಾರು 1.8 ವರ್ಷ ಹೆಚ್ಚು ಕಾಲ ಬದುಕಿದುವು. ಅವಕ್ಕೆ ಕೀಲುವಾತವೂ ತಡವಾಗಿ ಬಂದಿತು. ಪಕ್ಕೆಯ ಮೇಲೆ ಅಂಗೈ ಆಡಿಸಿದರೆ ಪಕ್ಕೆಲುಬುಗಳು ಸುಲಭವಾಗಿ ತಾಕಬೇಕು. ಮೇಲಿಂದ ನೋಡಿದರೆ ನಡುವು ಸಣ್ಣಗಿರಬೇಕು. ಕುಂಟುವ ನಾಯಿಗೆ ಕನಿಕರದಿಂದ ಹೆಚ್ಚು ಮುದ್ದೆಯನ್ನೂ ತುಪ್ಪವನ್ನೂ ಹಾಕುವುದು ಉಪಕಾರವಲ್ಲ.

ವ್ಯಾಯಾಮ.— ಇಡೀ ದಿನ ಸರಪಳಿಯಲ್ಲಿ ಕಟ್ಟಿದರೆ ಮಾಂಸಖಂಡಗಳು ಬಡವಾಗಿ ಕೀಲಿಗೆ ಆಧಾರ ತಪ್ಪುತ್ತದೆ. ಆರು ದಿನ ಕಟ್ಟಿ ಏಳನೆಯ ದಿನ ಬೇಟೆಗೆ ಬಿಟ್ಟರೆ ಕೀಲು ಇನ್ನಷ್ಟು ಕೆಡುತ್ತದೆ. ನೋವು ಹೆಚ್ಚಾಗಿರುವಾಗ ಕೆಲವು ದಿನ ವಿಶ್ರಾಂತಿ ಕೊಟ್ಟು, ಅನಂತರ ಹಗ್ಗ ಹಿಡಿದು ಮೆತ್ತನೆಯ ನೆಲದಲ್ಲಿ ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲವೂ ಹತ್ತು ಹದಿನೈದು ನಿಮಿಷ ನಡೆಸಿ, ಮೆಲ್ಲನೆ ಹೆಚ್ಚಿಸಬೇಕು. ಇಳಿಜಾರು ಮೆಟ್ಟಿಲಂತಿಲ್ಲದ ಶುಚಿಯಾದ ಕೆರೆಯಲ್ಲಿ ಈಜಿಸುವುದು ಒಳ್ಳೆಯದು. ಮೋಟಾರುಸೈಕಲ್ಲಿನ ಹಿಂದೆ ಓಡಿಸುವುದು, ಎತ್ತರದಿಂದ ಹಾರಿಸುವುದು ಸರ್ವಥಾ ಕೂಡದು. ಮಲಗಲು ತಣ್ಣನೆಯ ಕಲ್ಲಿನ ಮೇಲೆ ಹುಲ್ಲು ತುಂಬಿದ ಗೋಣಿಯನ್ನು ಹಾಸಬೇಕು. ಬೆಳೆದ ಉಗುರುಗಳನ್ನು ಕತ್ತರಿಸಬೇಕು. ಹಳೆಯ ಬಿಗಿತಕ್ಕೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಕಾವು ಹಿತಕರ. ಹೊಸದಾಗಿ ಊದಿ ಬಿಸಿಯಾಗಿರುವ ಕೀಲಿಗೆ ಕಾವು ಸಲ್ಲದು.

ಔಷಧ.— ಹಲವು ನಾಯಿಗಳಿಗೆ ಪ್ರಾಣಾಪಾಯವಾಗುವುದು ರೋಗದಿಂದಲ್ಲ, ಮನೆಯಲ್ಲಿದ್ದ ಮಾತ್ರೆಯಿಂದ. ಮನುಷ್ಯರು ಮೈಕೈ ನೋವಿಗೆ ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದುವು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಅಳತೆ ಮೀರಿದರೆ ಯಕೃತ್ತಿಗೆ ವಿಷ. ರಣಹದ್ದುಗಳ ನಾಶಕ್ಕೆ ಕಾರಣವಾದ ಡೈಕ್ಲೊಫೆನಾಕನ್ನು ಪಶುಗಳಿಗಾಗಿ ತಯಾರಿಸುವುದನ್ನು ಭಾರತ ಸರ್ಕಾರವು 2006ರಲ್ಲಿಯೇ ನಿಷೇಧಿಸಿತು. ನಾಯಿಗಳಿಗೆ ಹೊಂದುವ ಮೆಲೊಕ್ಸಿಕಾಮ್ ಮೊದಲಾದ ಔಷಧಗಳನ್ನು ಪಶುವೈದ್ಯರು ತೂಕ ನೋಡಿ ಕೊಡುತ್ತಾರೆ. ಅವನ್ನು ಆಹಾರದೊಡನೆ ಹೇಳಿದಷ್ಟೇ ಕೊಡಬೇಕು. ವಾಂತಿಯಾಗಲಿ ಕಪ್ಪು ಮಲವಾಗಲಿ ಕಂಡರೆ ನಿಲ್ಲಿಸಿ ಕೂಡಲೇ ತಿಳಿಸಬೇಕು. ನೋವು ಇಳಿದಾಗ ನಾಯಿಯು ಹಿಂದಿನಂತೆ ನೆಗೆಯಲು ಹೊರಡುತ್ತದೆ. ಆಗಲೂ ಹಗ್ಗವನ್ನು ಬಿಡಕೂಡದು. ಕೀಲಿಗೆ ಬರೆ ಹಾಕುವುದು, ಚರ್ಮ ಸುಡುವ ಗೇರೆಣ್ಣೆ ಬಳಿಯುವುದು ನೋವಿನ ಮೇಲೆ ನೋವನ್ನು ಹೇರುವ ಕೆಲಸವೇ ಹೊರತು ಚಿಕಿತ್ಸೆಯಲ್ಲ.

ಕೊನೆಯದಾಗಿ, ಹುಟ್ಟಿನಿಂದ ಕೀಲುದೋಷವಿರುವ ನಾಯಿಯಿಂದ ಮರಿ ಮಾಡಿಸಕೂಡದು. ಮರಿಯನ್ನು ಕೊಳ್ಳುವವರು ತಂದೆ ತಾಯಿಗಳ ನಡಿಗೆಯನ್ನು ಕಣ್ಣಾರೆ ನೋಡಿ ಕೊಳ್ಳುವುದು ಲೇಸು. ಗ್ರಾಮದ ಹಿರಿಯರೂ ಭೂಮಾಲೀಕರೂ ತಮ್ಮ ಮನೆಯ ನಾಯಿಯಲ್ಲಿ ಈ ಕ್ರಮವನ್ನು ನಡೆಸಿ ತೋರಿಸಿದರೆ, ಕುಂಟಿತೆಂಬ ಒಂದೇ ಕಾರಣಕ್ಕಾಗಿ ಊರಾಚೆ ಬಿಟ್ಟುಬರುವ ಎಳೆಯ ನಾಯಿಗಳ ಸಂಖ್ಯೆಯು ಕಡಮೆಯಾಗುವುದರಲ್ಲಿ ಸಂದೇಹವಿಲ್ಲ.