ಶಿವಪೂಜೆಯಲ್ಲಿ ಕರಡಿ

ಕನ್ನಡಿಗರ ಬಾಯಲ್ಲಿ ದಿನನಿತ್ಯವೂ ಓಡಾಡುವ ಗಾದೆಗಳಲ್ಲಿ ‘ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ’ ಎಂಬುದೊಂದು. ಶಾಂತವಾಗಿ ನಡೆಯುತ್ತಿರುವ ಸತ್ಕಾರ್ಯದ ನಡುವೆ ಅಸಂಬದ್ಧವಾದುದೊಂದು ನುಗ್ಗಿದಾಗ ಈ ಮಾತನ್ನಾಡುತ್ತೇವೆ. ಗಾದೆಯಲ್ಲಿ ಬರುವ ‘ಕರಡಿ’ಯು ಕಾಡಿನ ಮೃಗವಲ್ಲ, ‘ಕರಡೆ’ ಎಂಬ ಅಬ್ಬರದ ಚರ್ಮವಾದ್ಯ ಎಂದು ಅರ್ಥಮಾಡುವವರುಂಟು. ಇಷ್ಟಲಿಂಗವನ್ನಿರಿಸುವ ‘ಕರಡಿಗೆ’ಯೊಡನೆ ಇದಕ್ಕೆ ನಂಟು ಕಲ್ಪಿಸುವವರೂ ಉಂಟು. ಕರಡಿಗೆಯು ಸಂಸ್ಕೃತದ ‘ಕರಂಡಕ’ದಿಂದ ಬಂದ ಶಬ್ದ, ಮೃಗವನ್ನು ಹೇಳುವ ‘ಕರಡಿ’ಯಾದರೋ ತಮಿಳಿಗೂ ನಮಗೂ ಸಮಾನವಾದ ದ್ರಾವಿಡ ಶಬ್ದ. ನನಗೆ ವಾದ್ಯದ ಅರ್ಥವೇ ಹೆಚ್ಚು ಒಪ್ಪಿಗೆಯಾಗಿ ತೋರುತ್ತದೆ. ಆದರೆ ಜನರು ಮೃಗವನ್ನೇ ಹಿಡಿದುಕೊಂಡಿದ್ದಾರೆ. ಪಂಡಿತರು ಎಷ್ಟೇ ತಿದ್ದಿದರೂ ಕರಡಿಯು ಆ ಗಾದೆಯನ್ನು ಬಿಟ್ಟು ಹೋಗುವ ಸಂಭವವಿಲ್ಲ.

ಹೀಗೆ ನಮ್ಮ ನುಡಿಯಲ್ಲಿ ಕರಡಿಯೆಂದರೆ ಕರೆಯದೆ ನುಗ್ಗುವ ಪ್ರಾಣಿಯೆಂದಾಯಿತು. ನುಗ್ಗಿದವರು ನಿಜವಾಗಿ ಯಾರು ಎಂಬುದೇ ಈ ಲೇಖನದ ವಿಷಯ.

ಗಣೇಶನ ಚೌತಿಯಂದು ಮನೆಮನೆಗಳಲ್ಲಿ ಶ್ಯಮಂತಕೋಪಾಖ್ಯಾನವನ್ನು ಓದಿಸಿ ಕೇಳುವುದು ವಾಡಿಕೆ. ತನ್ನ ಮೇಲೆ ಬಂದ ಅಪವಾದವನ್ನು ಕಳೆದುಕೊಳ್ಳಲು ಶ್ರೀಕೃಷ್ಣನು ಮಣಿಯ ಜಾಡನ್ನು ಹಿಡಿದು ಅಡವಿಗೆ ಹೋಗಿ, ಕೊನೆಗೆ ಋಕ್ಷರಾಜನಾದ ಜಾಂಬವಂತನ ಗುಹೆಯನ್ನು ಹೊಗುತ್ತಾನೆ. ಅಲ್ಲಿ ಆ ಮಣಿಯು ಕೂಸಿನ ಆಟಿಕೆಯಾಗಿರುತ್ತದೆ. ಹೊಸಬನನ್ನು ಕಂಡ ದಾದಿ ಹೆದರಿ ಚೀರುತ್ತಾಳೆ. ಆ ಕೂಗನ್ನು ಕೇಳಿದ ಜಾಂಬವಂತನು, ಬಂದವನು ಯಾರೆಂದು ವಿಚಾರಿಸದೆಯೇ ಮೇಲೆ ಬೀಳುತ್ತಾನೆ. ಭಾಗವತದಲ್ಲಿ ಈ ಕಾಳಗ 28 ದಿನ ನಡೆಯುತ್ತದೆ. ಕಥೆ ಕೇಳುವ ನಮ್ಮ ಕಣ್ಣು ಮಣಿಯ ಮೇಲೆಯೇ ಇರುವುದರಿಂದ ಒಂದು ಸಂಗತಿಯನ್ನು ಗಮನಿಸದೆ ಹೋಗುತ್ತೇವೆ. ಗುಹೆಯೊಳಗೆ ಮರಿ, ಗುಹೆಯ ಬಾಗಿಲಲ್ಲಿ ಹೊರಗಿನವನು, ಎಡೆಯಲ್ಲಿ ಗಾಬರಿಯ ಕೂಗು: ಕರಡಿಯು ಮನುಷ್ಯನ ಮೇಲೆ ಬೀಳುವ ಪ್ರಸಂಗವನ್ನು ಪುರಾಣಕಾರನು ಕಣ್ಣಾರೆ ಕಂಡವನಂತೆ ವರ್ಣಿಸಿದ್ದಾನೆ.

ನಮ್ಮ ನಾಡಿನ ಕರಡಿ ಹುಲಿ ಚಿರತೆಗಳಂತೆ ಬೇಟೆಯಾಡಿ ಬದುಕುವ ಪ್ರಾಣಿಯಲ್ಲ. ಗೆದ್ದಲು, ಇರುವೆ, ಜೇನು, ಕಾಡಿನ ಹಣ್ಣುಗಳು ಇದರ ಆಹಾರ. ಮೇಲ್ದವಡೆಯ ನಡುವಣ ಎರಡು ಹಲ್ಲುಗಳು ಇದಕ್ಕಿಲ್ಲ. ಆ ಸಂದಿಯ ಮೂಲಕವೇ ಹುತ್ತದೊಳಗಿನ ಗೆದ್ದಲನ್ನು ಹೀರುತ್ತದೆ. ಹೀರುವ ಆ ಸದ್ದು ಬಹುದೂರಕ್ಕೆ ಕೇಳಿಸುವುದು. ಗಟ್ಟಿಯಾದ ಹುತ್ತವನ್ನು ಒಡೆಯಲು ಬಾಗಿದ ನೀಳವಾದ ಉಗುರುಗಳಿವೆ. ಮನುಷ್ಯನ ಮುಖವನ್ನು ವಿಕಾರಗೊಳಿಸುವುದೂ ಇವೇ ಉಗುರುಗಳು. ಮೂಗು ಬಹಳ ಚುರುಕು, ಕಣ್ಣು ಮಂದ. ಗೆದ್ದಲನ್ನು ಹೀರುವುದರಲ್ಲಿ ಮೈಮರೆತ ಕರಡಿಗೆ ಎದುರಿಗೆ ಬಂದ ಮನುಷ್ಯನ ಅರಿವಾಗುವಾಗ ಆತ ಹತ್ತು ಮಾರಿನೊಳಗೆ ಬಂದುಬಿಟ್ಟಿರುತ್ತಾನೆ. ಓಡಲು ಎಡೆಯಿಲ್ಲವೆನಿಸಿದಾಗ ಅದು ಮೇಲೆ ಬೀಳುತ್ತದೆ. ಬೆನ್ನಮೇಲೆ ಮರಿಗಳಿದ್ದರಂತೂ ಮಾತೇ ಇಲ್ಲ. ತಾಯಿಕರಡಿಯು ಮರಿಗಳನ್ನು ಬೆನ್ನಿನ ಉದ್ದ ಕೂದಲಿಗೆ ಅಂಟಿಸಿಕೊಂಡು ತಿರುಗುವುದು ಈ ಜಾತಿಯ ವಿಶೇಷ. ಹಗಲಿನ ಬಿಸಿಲನ್ನು ಬಂಡೆಗಳ ನಡುವಣ ಗವಿಗಳಲ್ಲಿ ಕಳೆದು, ಸಂಜೆ ಇಳಿದು, ಇರುಳೆಲ್ಲ ತಿರುಗಿ, ನಸುಕಿನಲ್ಲಿ ಹಿಂದಿರುಗುವುದು ಇದರ ದಿನಚರಿ. ಈ ದಿನಚರಿಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಮನುಷ್ಯನ ವಿನೋದಕ್ಕೂ ಕರಡಿಗೂ ಇರುವ ಸಂಬಂಧ ಹಳೆಯದು. ನಾನು ಹುಡುಗನಾಗಿದ್ದಾಗ ಸುಗ್ಗಿಯ ಕಾಲಕ್ಕೆ ಕರಡಿಯಾಡಿಸುವವರು ಊರಿಗೆ ಬರುತ್ತಿದ್ದರು. ಮೂಗಿಗೆ ಹಗ್ಗ ಪೋಣಿಸಿದ ಕರಡಿ ಡಮರುವಿನ ಸದ್ದಿಗೆ ಹಿಂಗಾಲಮೇಲೆ ನಿಂತು ಕುಣಿಯುತ್ತಿತ್ತು. ಬೆಚ್ಚುವ ಮಕ್ಕಳನ್ನು ಅದರ ಬೆನ್ನಮೇಲೆ ಕೂರಿಸಿ, ಅದರ ಕೂದಲನ್ನು ತಾಯಿತದಲ್ಲಿಟ್ಟು ಕಟ್ಟುತ್ತಿದ್ದರು. ನನಗೂ ಕಟ್ಟಿದ್ದರು. ಅದು ಕುಣಿತವಲ್ಲ, ಮೂಗಿನ ನೋವು ಎಂಬುದು ಆಗ ನಮಗಾರಿಗೂ ಹೊಳೆಯಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಲವಿದ್ದರೂ ಈ ಆಟ ನಿಲ್ಲಲು ಬಹುಕಾಲ ಹಿಡಿಯಿತು. 2005ರಲ್ಲಿ ಬನ್ನೇರುಘಟ್ಟದಲ್ಲಿ ಇಂಥ ಕರಡಿಗಳಿಗೆ ಆಶ್ರಯಧಾಮವೊಂದು ಏರ್ಪಟ್ಟಿತು. ಕೊನೆಯ ಕುಣಿಯುವ ಕರಡಿಯನ್ನು ಒಪ್ಪಿಸಿದ್ದು 2009ರ ಡಿಸೆಂಬರಿನಲ್ಲಿ. ಈ ಕಾರ್ಯ ಫಲಿಸಿದ್ದು ಕಾಯಿದೆಯೊಂದರಿಂದಲೇ ಎನ್ನಲಾಗದು. ತಲೆತಲಾಂತರದಿಂದ ಕರಡಿಯನ್ನೇ ನಂಬಿದ್ದ ಕಲಂದರ ಕುಟುಂಬಗಳಿಗೆ ಬೇರೆ ಕಾಯಕ ತೋರಿಸಿ, ಅವರ ಮಕ್ಕಳನ್ನು ಶಾಲೆಗೆ ಸೇರಿಸಿದ ಮೇಲೆಯೇ ಹಗ್ಗ ಕಳಚಿತು.

ಊರಿಗೆ ಬರುತ್ತಿದ್ದ ಕರಡಿ ನಿಂತಿತು. ಈಗ ನಾವೇ ಕರಡಿಯಿದ್ದಲ್ಲಿಗೆ ಹೋಗುತ್ತೇವೆ. ನಮ್ಮ ಸೀಮೆಯ ಶಾಲೆಗಳು ಶೈಕ್ಷಣಿಕ ಪ್ರವಾಸಕ್ಕೆ ಹಂಪೆಗೆ ಹೋಗುವುದು ರೂಢಿಯಷ್ಟೆ. ಹಂಪೆಯ ಪ್ರದೇಶವನ್ನೇ ರಾಮಾಯಣದ ಕಿಷ್ಕಿಂಧೆಯೆಂದು ಹೇಳುವ ಪರಂಪರೆಯಿದೆ. ಜಾಂಬವಂತನಿದ್ದುದೂ ಸುಗ್ರೀವನ ಆ ಪರಿವಾರದಲ್ಲಿಯೇ. ಆ ಕಿಷ್ಕಿಂಧೆಯಿಂದ ಸುಮಾರು 15 ಕಿಲೋಮೀಟರು ದೂರದ ದರೋಜಿಯ ಬಂಡೆಗುಡ್ಡಗಳಲ್ಲಿ ಇಂದಿಗೂ ಕರಡಿಗಳಿರುವುದು ಕಾವ್ಯಕ್ಕೆ ಭೂಗೋಳವು ಹಾಕಿದ ರುಜುವಿನಂತಿದೆ. ಅಲ್ಲಿ 1994ರಲ್ಲಿ ಕರಡಿಗಾಗಿಯೇ ಮೀಸಲಾದ ಧಾಮವನ್ನು ಸರ್ಕಾರವು ಘೋಷಿಸಿತು. ಮುಂದೆ ವಿಸ್ತಾರಗೊಂಡು ಅದೀಗ 82 ಚದರ ಕಿಲೋಮೀಟರಿಗಿಂತ ಮಿಗಿಲಾಗಿದೆ. 2013ರಲ್ಲಿ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಮತ್ತೊಂದು ಕರಡಿಧಾಮವಾಯಿತು.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಹಂಪೆಗೆ ಹೋದಾಗ ದರೋಜಿಯನ್ನೂ ಕಂಡೆವು. ಅಲ್ಲಿನ ವ್ಯವಸ್ಥೆ ಬಹು ಸರಳವಾದುದು. ಕರಡಿಕಲ್ಲು ಗುಡ್ಡದ ಎದುರಿಗೆ, ಸಾಕಷ್ಟು ಅಂತರದಲ್ಲಿ, ವೀಕ್ಷಣಾ ಗೋಪುರವೊಂದಿದೆ. ಹಗಲಿನಲ್ಲಿ ಅರಣ್ಯ ಸಿಬ್ಬಂದಿಯವರು ಬಂಡೆಗಳಿಗೆ ಬೆಲ್ಲ ಮೊದಲಾದುವುಗಳ ಪಾಕವನ್ನು ಸವರಿ ಬರುತ್ತಾರೆ. ಮಧ್ಯಾಹ್ನದ ಮೇಲೆ ಜನರನ್ನು ಬಿಡುತ್ತಾರೆ. ಬಿಸಿಲು ತಗ್ಗಿದಂತೆ ಕರಡಿಗಳು ಗವಿಗಳಿಂದ ಇಳಿದು ಬಂಡೆಯನ್ನು ನೆಕ್ಕುತ್ತವೆ. ಜನರು ಗೋಪುರವನ್ನಿಳಿದು ಹತ್ತಿರ ಹೋಗುವಂತಿಲ್ಲ, ಸಂಜೆಯಾಗುತ್ತಲೂ ಹೊರಡಬೇಕು. ನಮ್ಮ ಮಕ್ಕಳು ಮೊದಲು ಗದ್ದಲವೆಬ್ಬಿಸಿದರು. ಎರಡು ಮರಿಗಳನ್ನು ಹೊತ್ತು ಬಂದ ತಾಯಿಯೊಂದು ಮೂತಿಯೆತ್ತಿ ಗಾಳಿಯನ್ನು ಮೂಸಿ ಬಂಡೆಯ ಹಿಂದೆ ಸರಿಯಿತು. ಆಮೇಲೆ ಯಾರೂ ಹೇಳದೆಯೇ ಗೋಪುರ ಮೌನವಾಯಿತು. ಅರ್ಧ ತಾಸಿನ ಬಳಿಕ ಅದು ಮತ್ತೆ ಹೊರಬಂದಿತು. ಅಷ್ಟು ಹೊತ್ತು ನನ್ನ ತರಗತಿಯಲ್ಲಿ ಆ ಮಕ್ಕಳು ಸುಮ್ಮನಿದ್ದುದನ್ನು ನಾನು ಕಂಡಿಲ್ಲ.

ಹಿಂದಿರುಗುವಾಗ ಒಬ್ಬ ಹುಡುಗ ಕಾವಲುಗಾರನನ್ನು ಕೇಳಿದ: “ಅಣ್ಣಾ, ನಾಳೆ ಬೆಲ್ಲ ಹಚ್ಚದಿದ್ದರೆ ಕರಡಿ ಬರುವುದಿಲ್ಲವೆ?” ಆತ ನಕ್ಕು, “ಬರುತ್ತದಪ್ಪ, ನಿಮ್ಮ ಕಣ್ಣಿಗೆ ಬೀಳಲಿಕ್ಕಿಲ್ಲ” ಎಂದ.

ಆ ಉತ್ತರವನ್ನು ನಾನು ಬಹಳ ದಿನ ಮೆಲುಕು ಹಾಕಿದೆ. ಬೆಲ್ಲವು ಕರಡಿಗಾಗಿ ಎಷ್ಟೋ, ನಮ್ಮ ಕಣ್ಣಿಗಾಗಿಯೂ ಅಷ್ಟೆ. ದಾಸೋಹದ ಪರಂಪರೆಯಲ್ಲಿ ಬೆಳೆದ ನಮಗೆ ಉಣಿಸುವುದೆಲ್ಲವೂ ಪುಣ್ಯವೆಂದು ತೋರುವುದು ಸಹಜ. ಆದರೆ ಶರಣರು ದಾಸೋಹಕ್ಕೆ ಕಾಯಕದ ಕಟ್ಟನ್ನು ಹಾಕಿದರು; ಉಣ್ಣುವವನು ಪರಾಧೀನನಾಗಬಾರದೆಂಬ ಎಚ್ಚರ ಅದರಲ್ಲಿದೆ. ಹುತ್ತವನ್ನು ಅಗೆಯುವುದು, ಕಾಲಕಾಲಕ್ಕೆ ಹಣ್ಣನ್ನು ಹುಡುಕುವುದು ಕರಡಿಯ ಕಾಯಕ. ದಿನವೂ ಅದೇ ಹೊತ್ತಿಗೆ ಅದೇ ಬಂಡೆಯಮೇಲೆ ಸಿಹಿ ದೊರೆತರೆ ಆ ಕಾಯಕ ಸಡಿಲವಾಗದೆ? ಮನುಷ್ಯನ ವಾಸನೆಗೂ ಊಟಕ್ಕೂ ಅದರ ಮೂಗಿನಲ್ಲಿ ಗಂಟು ಬೀಳದೆ? ಹಾಗೆಂದು ದರೋಜಿಯ ಪದ್ಧತಿಯನ್ನು ನಾನು ಹೀಗಳೆಯಲಾರೆ. ಅಂತರ, ಹೊತ್ತಿನ ಕಟ್ಟು, ಇಳಿಯಬಾರದೆಂಬ ನಿಯಮ ಈ ಮೂರನ್ನೂ ಅಲ್ಲಿ ಪಾಲಿಸುತ್ತಾರೆ. ಕರಡಿಯನ್ನು ಕಂಡ ಮಗು ಮುಂದೆ ಅದರ ಪರವಾಗಿ ಮಾತನಾಡೀತು. ಕಾಣದ ಪ್ರಾಣಿಗಾಗಿ ಮಿಡಿಯುವುದು ಎಲ್ಲರಿಂದಲೂ ಆಗದು. ಆದರೂ ಬೆಲ್ಲವನ್ನು ಕಡಮೆಮಾಡುತ್ತ, ಅಲ್ಲಿಯ ಹಣ್ಣಿನ ಗಿಡಗಳನ್ನು ಹೆಚ್ಚಿಸುತ್ತ ಹೋಗುವುದು ಮೇಲೆಂದು ನನಗೆ ತೋರುತ್ತದೆ. ದಿನಕ್ಕೊಂದು ಕರಡಿಯೂ ಕಾಣದೆ ಹಿಂದಿರುಗುವ ಪ್ರವಾಸಿಗರು ಕೆಲವರಾದರೂ ಇರಲಿ.

ಧಾಮದ ಗಡಿಯಾಚೆಯ ರೈತನ ಮಾತನ್ನು ಬಿಟ್ಟು ಕರಡಿಯ ಪರ ವಾದಿಸುವುದು ನ್ಯಾಯವಲ್ಲ. ತುಂಗಭದ್ರೆಯ ನೀರು ಬಂದ ಮೇಲೆ ಆ ಬರಡು ಸೀಮೆಯಲ್ಲಿ ಬಾಳೆ, ಕಬ್ಬು ಬೆಳೆದವು. ಮಳೆಯಾಶ್ರಯದ ಹೊಲಗಳಲ್ಲಿ ಕಡಲೆಕಾಯಿ, ಮುಸುಕಿನ ಜೋಳ. ಗುಡ್ಡದಿಂದಿಳಿದ ಕರಡಿಗೆ ಇದೆಲ್ಲ ಹಾಸಿಟ್ಟ ಎಡೆ. ನಸುಕಿನಲ್ಲಿ ಹೊಲಕ್ಕೆ ಹೋಗುವವನೂ, ಹೊಲದಿಂದ ಗವಿಗೆ ಮರಳುವ ಕರಡಿಯೂ ಒಂದೇ ಬದುವಿನಲ್ಲಿ ಎದುರಾಗುತ್ತಾರೆ. ಕಣ್ಣು ಮೂಗು ಕಳೆದುಕೊಂಡವನಿಗೆ ಪರಿಹಾರಧನ ಬರಬಹುದು. ಮುಖ ಹಿಂದಿರುಗಿ ಬಾರದು. ಇನ್ನೊಂದೆಡೆ, ಸಂಡೂರಿನ ಬೆಟ್ಟಗಳನ್ನು ಕಬ್ಬಿಣದ ಅದಿರಿಗಾಗಿ ಅಗೆದ ಅಗೆತ ಎಷ್ಟಾಯಿತೆಂದರೆ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಬೇಕಾಯಿತು. ಬಳಿಕ ಕಟ್ಟುಪಾಡುಗಳೊಡನೆ ಅದು ಮತ್ತೆ ಆರಂಭವಾಯಿತು. ಬೆಟ್ಟ ಕರಗಿದಷ್ಟೂ ಮೃಗವು ಹೊಲಕ್ಕೆ ಇಳಿಯುವುದು. ಇಳಿದ ಮೃಗದ ಉಗುರಿಗೆ ಸಿಕ್ಕುವವನು ಅದಿರಿನ ಲಾಭವನ್ನುಂಡವನಲ್ಲ, ಎರಡೆಕರೆಯ ಒಡೆಯ.

ಇದೆಲ್ಲ ದೂರದ ಬಳ್ಳಾರಿಯ ಸುದ್ದಿ, ಕಾವೇರಿಯ ಮಡಿಲಿನ ನಮಗೇನು ಎಂದು ಕೇಳುವವರಿರಬಹುದು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಜನರ ಮಾತಿಗೆ ಹೆಚ್ಚಾಗಿ ಬರುವುದು ಚಿರತೆ, ಅಪರೂಪಕ್ಕೆ ತೋಳ. ಮೃಗ ಬೇರೆಯಾದರೂ ಪ್ರಶ್ನೆ ಅದೇ. ಮೇಲುಕೋಟೆಯ ಸುತ್ತಣ ಕುರುಚಲು ಕಾಡನ್ನು 1974ರಲ್ಲಿಯೇ, ಮುಖ್ಯವಾಗಿ ತೋಳದ ರಕ್ಷಣೆಗಾಗಿ, ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಅದರ ವಿಸ್ತಾರ 49.82 ಚದರ ಕಿಲೋಮೀಟರು. ಮೇಲುಕೋಟೆಗೆ ವರ್ಷಕ್ಕೊಮ್ಮೆಯಾದರೂ ಹೋಗಿಬರುವ ಎಷ್ಟು ಮಂದಿಗೆ ತಾವು ತೋಳದ ಮನೆಯ ಹೊಸ್ತಿಲಲ್ಲಿ ಪುಳಿಯೋಗರೆ ತಿಂದು ಬಂದೆವೆಂಬುದು ಗೊತ್ತಿದೆ?

ವೈರಮುಡಿಯ ಇರುಳಿನಲ್ಲಿ ಅಲ್ಲಿ ಸೇರುವ ಜನಕ್ಕೆ ಲೆಕ್ಕವಿಲ್ಲ. ಆದರೆ ಆ ಜನಸಾಗರ ಬೀದಿಯಲ್ಲಿ, ಕಲ್ಯಾಣಿಯ ಬಳಿ, ಮೆಟ್ಟಿಲುಗಳ ಮೇಲೆ ನಿಲ್ಲುತ್ತದೆ. ದೇವರನ್ನು ನೋಡಲು ಬಂದವನು ಪೊದೆಗೆ ನುಗ್ಗುವುದಿಲ್ಲ. ಹಿರಿಯರು ಬೆಟ್ಟಕ್ಕೆ ಕಟ್ಟಿಸಿದ ಮೆಟ್ಟಿಲು ಹತ್ತುವವನಿಗೆ ಅನುಕೂಲವಾದಂತೆ ಹತ್ತದ ಬೆಟ್ಟಕ್ಕೆ ರಕ್ಷೆಯೂ ಆಯಿತು. ಈಚಿನ ವಿಹಾರ ಬೇರೆ ಬಗೆಯದು. ಸೂರ್ಯೋದಯವನ್ನು ನೋಡುವೆವೆಂದು ಪಾಂಡವಪುರದ ಕುಂತಿಬೆಟ್ಟದಂಥ ಬೆಟ್ಟಗಳನ್ನು ಕತ್ತಲೆಯಲ್ಲೇ ಏರುವುದು, ಬಂಡೆಯ ಮೇಲೆ ಬೆಂಕಿಯುರಿಸುವುದು, ಹಾಡಿನ ಪೆಟ್ಟಿಗೆಯನ್ನು ಹೊತ್ತೊಯ್ಯುವುದು ಈಗ ಹವ್ಯಾಸವಾಗಿದೆ. ಮೃಗವು ಗವಿಗೆ ಮರಳುವ ಹೊತ್ತೂ ಅದೇ. ಏರುವವರು ತರುಣರು, ಉತ್ಸಾಹಿಗಳು, ನಮ್ಮ ಶಾಲೆಯಲ್ಲೇ ಓದಿದವರೂ ಅವರಲ್ಲಿರಬಹುದು; ದೂಷಿಸಿ ಪ್ರಯೋಜನವಿಲ್ಲ. ಎರಡು ತಾಸು ತಡವಾಗಿ ಹೊರಡಿರೆಂದು ಹೇಳಿದರೆ ಸಾಕು. ಬೆಟ್ಟವೇನೂ ಓಡಿಹೋಗದು.

ಅಭಿವೃದ್ಧಿಯ ವಿಷಯದಲ್ಲಿಯೂ ನಮ್ಮ ಕಥೆ ಬಳ್ಳಾರಿಯದಕ್ಕಿಂತ ಭಿನ್ನವಲ್ಲ. ಕನ್ನಂಬಾಡಿಯ ನೀರಿನಿಂದ ಒಣಭೂಮಿ ಕಬ್ಬಿನ ಗದ್ದೆಯಾಯಿತು; ಕಬ್ಬಿನ ಗದ್ದೆ ಚಿರತೆಗೆ ಮರಿಹಾಕುವ ಮರೆಯಾಯಿತು. 2022ರ ಕೊನೆಯಲ್ಲಿ ಬೃಂದಾವನದಲ್ಲಿಯೇ ಚಿರತೆ ಕಾಣಿಸಿಕೊಂಡು, ಉದ್ಯಾನವನ್ನು ಹಲವು ದಿನ ಮುಚ್ಚಬೇಕಾಯಿತು. ದನಗಳ ಜಾತ್ರೆಗೆ ಹೆಸರಾದ ಬೇಬಿ ಬೆಟ್ಟದ ಕಲ್ಲುಗಣಿಯ ಸಿಡಿತ ಅಣೆಕಟ್ಟೆಗೆ ಕುತ್ತಾದೀತೆಂಬ ವಿವಾದವು ಬೆಳೆದು, 2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು ಕಟ್ಟೆಯಿಂದ 20 ಕಿಲೋಮೀಟರು ವ್ಯಾಪ್ತಿಯೊಳಗೆ ಗಣಿಗಾರಿಕೆಯನ್ನು ತಡೆಯಿತು. ಆ ಚರ್ಚೆಯಲ್ಲಿ ಎಲ್ಲರ ಬಾಯಲ್ಲೂ ಇದ್ದುದು ಕಟ್ಟೆಯ ಮಾತು. ಬೆಟ್ಟದ ಗವಿಗಳಲ್ಲಿ ಯಾರಿದ್ದರೆಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ.

ಮಾದರಿಗಾಗಿ ದೂರ ಹೋಗಬೇಕಾಗಿಯೂ ಇಲ್ಲ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಮೂಡಿದ ನಡುಗಡ್ಡೆಗಳಲ್ಲಿ ಹಕ್ಕಿಗಳು ನೆಲೆಸಿದುದನ್ನು ಕಂಡು, ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಮಹಾರಾಜರಿಗೆ ಅರಿಕೆಮಾಡಿಕೊಂಡ ಮೇರೆಗೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅದಕ್ಕೆ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯೂ ದೊರೆತಿದೆ. ಅಲ್ಲಿ ದೋಣಿ ನಡೆಯುವುದು ಗೊತ್ತಾದ ದಾರಿಯಲ್ಲಿ. ನಡುಗಡ್ಡೆಗೆ ಯಾರೂ ಇಳಿಯುವಂತಿಲ್ಲ. ಹೊಳೆ ತುಂಬಿ ಬಂದಾಗ ದೋಣಿಯೇ ಇಲ್ಲ. ಹೀಗಿದ್ದೂ ನೋಡಬಂದವರು ತೃಪ್ತರಾಗಿಯೇ ಹಿಂದಿರುಗುತ್ತಾರೆ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ 1981ರಿಂದ ನವಿಲುಗಳಿಗಾಗಿ ಇರುವ ಧಾಮ ಒಂದು ಚದರ ಕಿಲೋಮೀಟರೂ ಇಲ್ಲ; ಕ್ಷೇತ್ರದ ಜನಸಂದಣಿಯ ಪಕ್ಕದಲ್ಲೇ ನವಿಲು ಗರಿಗೆದರುತ್ತದೆ. ಹಕ್ಕಿಗೆ ಸಲ್ಲಿಸಿದ ಈ ಮರ್ಯಾದೆಯನ್ನು ಹಲ್ಲು ಉಗುರುಗಳುಳ್ಳ ಪ್ರಾಣಿಗೂ ಸಲ್ಲಿಸುವುದು ಕಷ್ಟ. ಹಕ್ಕಿ ನಮ್ಮನ್ನು ಕಚ್ಚುವುದಿಲ್ಲ. ಕಷ್ಟವಾದುದರಿಂದಲೇ ಅದನ್ನು ಶಾಲೆಯಲ್ಲಿ ಕಲಿಸಬೇಕಾಗಿದೆ.

ನಮ್ಮ ಶಾಲೆಯ ಬೆಟ್ಟದ ಪ್ರವಾಸಗಳಿಗೆ ಸಂಬಂಧಿಸಿ ಅಧ್ಯಾಪಕ ಮಿತ್ರರಲ್ಲಿ ನನ್ನ ಅರಿಕೆ ಇಷ್ಟೆ. ಬಿಸಿಲೇರಿದ ಮೇಲೆ ಹತ್ತಿ, ಸಂಜೆ ಐದಕ್ಕೆ ಮುಂಚೆ ಇಳಿಯೋಣ. ಮೆಟ್ಟಿಲನ್ನೂ ಕಾಲುದಾರಿಯನ್ನೂ ಬಿಡದಿರೋಣ. ಮಕ್ಕಳು ಗುಂಪಾಗಿ ಮಾತನಾಡುತ್ತ ನಡೆಯಲಿ. ಮರೆಯಲ್ಲಿರುವ ಪ್ರಾಣಿಗೆ ನಾವು ಬರುವುದು ಮೊದಲೇ ತಿಳಿಯುವುದು ಇಬ್ಬರಿಗೂ ಕ್ಷೇಮ. ಮೌನವು ಗೋಪುರದ ಮೇಲೆ ನಿಂತಾಗ ಮಾತ್ರ. ಉಳಿದ ಬುತ್ತಿಯನ್ನು ಮಂಗಗಳಿಗೂ ಹಾಕದೆ ಕೆಳಗೆ ತರೋಣ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕೂಡಿ ಮೇಲುಕೋಟೆಯ ದಾರಿಯಲ್ಲಿ, ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ದಪ್ಪ ಕನ್ನಡ ಅಕ್ಷರಗಳ ಒಂದು ಫಲಕವನ್ನು ನಿಲ್ಲಿಸುವುದಾದರೆ ಅದರ ಒಕ್ಕಣೆಯನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ. ಒಳಗೆ ತೋಳ ಚಿರತೆಗಳ ಮನೆಯಿದೆ ಎಂದು ಮೊದಲ ಸಾಲಿನಲ್ಲೂ, ಹೊತ್ತಿನ ನಿಯಮವನ್ನು ಎರಡನೆಯ ಸಾಲಿನಲ್ಲೂ ಬರೆಯಬೇಕೆಂದಿದ್ದೇನೆ. ಮೂರನೆಯ ಸಾಲನ್ನು ದರೋಜಿಯಲ್ಲಿ ಪ್ರಶ್ನೆ ಕೇಳಿದ ಆ ಹುಡುಗನಿಂದ ಬರೆಯಿಸುವ ಆಸೆಯಿದೆ; ಅವನೀಗ ಕಾಲೇಜಿನಲ್ಲಿ ಓದುತ್ತಿದ್ದಾನೆ.