ಡೈ ಹಾಕಿದ ಎಂ.ಆರ್.ಐ.: ಸಿಂಧನೂರಿನಿಂದ ಬಸ್ಸು ಹತ್ತುವ ಮುನ್ನ

1. ಮೊದಲು ಬೆರಳು, ಆಮೇಲೆ ಯಂತ್ರ. ಸಂಡಾಸದಲ್ಲಿ ರಕ್ತ ಕಂಡರೆ ನಮ್ಮ ಕಡೆ ಮೊದಲು ಕೇಳಿಬರುವುದು, "ಮೂಲವ್ಯಾಧಿ ಐತ್ರಿ, ಖಾರ ಬಿಡ್ರಿ" ಎಂಬ ಮಾತು. ಅದನ್ನೇ ನಂಬಿ ತಿಂಗಳುಗಟ್ಟಲೆ ಪುಡಿ, ಮುಲಾಮು ಎಂದು ಕೂರಬೇಡಿ. ವೈದ್ಯರು ಬೆರಳಿಟ್ಟು ನೋಡುವ ಪರೀಕ್ಷೆಗೆ ಸಿಂಧನೂರು, ಮಸ್ಕಿ, ಲಿಂಗಸುಗೂರು ದಾಟಬೇಕಿಲ್ಲ. ಗುದನಾಳದ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಕೊಲೊನೋಸ್ಕೋಪಿ ಮತ್ತು ಬಯಾಪ್ಸಿ. ಎಂ.ಆರ್.ಐ. ಸರದಿ ಅದಾದ ಮೇಲೆ.

2. ಡೈ ಏನನ್ನು ತೋರಿಸುತ್ತದೆ, ತಿಳಿದುಕೊಳ್ಳಿ. ಅದು ತೋರಿಸುವುದು ಗಡ್ಡೆಯ ರಕ್ತನಾಳಗಳನ್ನು. ಗಡ್ಡೆ ಒಂದೆರಡು ಮಿಲಿಮೀಟರ್ ಮೀರಿ ಬೆಳೆಯಬೇಕಾದರೆ ಅದಕ್ಕೆ ಹೊಸ ರಕ್ತನಾಳ ಬೇಕೇ ಬೇಕು ಎಂದು 1971ರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ಹೇಳಿದಾಗ ಬಹಳ ಮಂದಿ ಒಪ್ಪಲಿಲ್ಲ. ಹಾಗೆ ನಾಳ ಚಿಗುರದಂತೆ ತಡೆಯುವ ಬೆವಾಸಿಜುಮಾಬ್ ಎಂಬ ಔಷಧಕ್ಕೆ, ಹರಡಿದ ಕರುಳಿನ ಕ್ಯಾನ್ಸರಿಗೆಂದು, ಅಮೆರಿಕ ಒಪ್ಪಿಗೆ ಕೊಟ್ಟದ್ದು 2004ರಲ್ಲಿ. ಗಡ್ಡೆ ಅವಸರದಲ್ಲಿ ಹುಟ್ಟಿಸಿಕೊಂಡ ನಾಳಗಳು ಲೈನಿಂಗ್ ಇಲ್ಲದ ಕಾಲುವೆಯಂತೆ ಸೋರುತ್ತವೆ. ರಕ್ತನಾಳಕ್ಕೆ ಗ್ಯಾಡೊಲಿನಿಯಂ ಡೈ ಚುಚ್ಚಿ, ಕೆಲವು ಸೆಕೆಂಡಿಗೊಂದರಂತೆ ಕೆಲವು ನಿಮಿಷ ಚಿತ್ರ ತೆಗೆದರೆ, ಡೈ ಎಷ್ಟು ಬೇಗ ಬಂತು, ಎಷ್ಟು ಸೋರಿತು, ಎಷ್ಟು ಬೇಗ ಇಳಿಯಿತು ಎಂಬುದು ಗೆರೆಯಾಗಿ ಮೂಡುತ್ತದೆ. ಆ ಸೋರಿಕೆಯ ಲೆಕ್ಕಕ್ಕೆ ತಜ್ಞರು 'ಕೆ-ಟ್ರಾನ್ಸ್' ಎನ್ನುತ್ತಾರೆ.

3. ಡೈ ಹಾಕಲಿಲ್ಲವೆಂದು ಜಗಳಕ್ಕೆ ನಿಲ್ಲಬೇಡಿ. ಇಂಜೆಕ್ಷನ್ ಕೊಟ್ಟರೇ ದೊಡ್ಡ ಸ್ಕ್ಯಾನು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಗುದನಾಳದ ಗಡ್ಡೆ ಗೋಡೆ ದಾಟಿದೆಯೇ, ಸರ್ಜನ್ ಕತ್ತರಿಸುವ ಗಡಿಗೆ ಎಷ್ಟು ಹತ್ತಿರವಿದೆ ಎಂದು ಹೇಳುವುದು ಡೈ ಇಲ್ಲದೆ ತೆಗೆಯುವ, ಟಿ-2 ಎಂಬ ಬಗೆಯ ಎಂ.ಆರ್.ಐ. ಚಿತ್ರಗಳೇ. ಯೂರೋಪಿನ ರೇಡಿಯಾಲಜಿಸ್ಟರ ಮಾರ್ಗಸೂಚಿಯೂ ದಿನನಿತ್ಯದ ಕೆಲಸಕ್ಕೆ ಡೈ ಕಡ್ಡಾಯ ಮಾಡಿಲ್ಲ. ನಾಳದ ಸೋರಿಕೆ ಅಳೆಯುವ ಕೆ-ಟ್ರಾನ್ಸ್ ಸಂಖ್ಯೆ ಯಂತ್ರ ಬದಲಾದರೆ, ಸಾಫ್ಟ್‌ವೇರ್ ಬದಲಾದರೆ ತಾನೂ ಬದಲಾಗುತ್ತದೆ. ಹಾಗಾಗಿ ಅದಿನ್ನೂ ಹೆಚ್ಚಾಗಿ ಸಂಶೋಧನೆಯ ಮನೆಯಲ್ಲೇ ಇದೆ. ಅಲುಗಾಡದೆ ತೆಗೆದ ಟಿ-2, ಅವಸರದ ಡೈ ಸ್ಕ್ಯಾನಿಗಿಂತ ಎಷ್ಟೋ ಮೇಲು.

4. ಹೊತ್ತು ತಪ್ಪಿಸಬೇಡಿ. ಮೊದಲ ಸ್ಕ್ಯಾನ್ ರೇಡಿಯೇಷನ್, ಕೀಮೋ ಶುರುವಾಗುವ ಮುಂಚೆಯೇ ಆಗಲಿ, ಇಲ್ಲವಾದರೆ ಹೋಲಿಸಲು ಏನೂ ಉಳಿಯದು. ಚಿಕಿತ್ಸೆಯ ನಂತರ ಸೋರಿಕೆ ತಗ್ಗಿದ್ದರೆ ಅದು ಮದ್ದು ಹಿಡಿದ ಸೂಚನೆ ಇರಬಹುದು. ಆದರೆ ರೇಡಿಯೇಷನ್ ತಂದ ಉರಿಯೂತವೂ ಆ ಸೋರಿಕೆಯ ಗೆರೆಯನ್ನು ಕೆಡಿಸುತ್ತದೆ. ಒಂದೇ ಸಂಖ್ಯೆ ಹಿಡಿದು ಆಪರೇಷನ್ ಬೇಡವೆನ್ನುವವರಿದ್ದರೆ ಇನ್ನೊಬ್ಬ ವೈದ್ಯರನ್ನು ಕೇಳಿ.

5. ಚೀಟಿ ಓದಿ. ಬರೀ 'ಹೊಟ್ಟೆ ಎಂ.ಆರ್.ಐ.' ಎಂದಿದ್ದರೆ ಸಾಲದು. ಗುದನಾಳದ ಎಂ.ಆರ್.ಐ. ಎಂದೂ, ಗಡ್ಡೆ ಗುದದ್ವಾರದಿಂದ ಎಷ್ಟು ಸೆಂಟಿಮೀಟರ್ ಮೇಲಿದೆ ಎಂದೂ ಬರೆಸಿಕೊಳ್ಳಿ.

6. ಡೈ ಹಾಕುವುದಾದರೆ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ರಿಪೋರ್ಟ್ ಜೇಬಿನಲ್ಲಿರಲಿ. ಸಕ್ಕರೆ ಕಾಯಿಲೆ, ಬಿ.ಪಿ. ಇರುವ ಹಿರಿಯರಿಗೆ ಇದು ಮುಖ್ಯ. ಕಿಡ್ನಿ ತೀರಾ ಸೋತವರಿಗೆ ಕೆಲವು ಬಗೆಯ ಗ್ಯಾಡೊಲಿನಿಯಂ ಅಪಾಯ ತರಬಲ್ಲದು. ಹಿಂದೆ ಡೈಯಿಂದ ಅಲರ್ಜಿ ಆಗಿದ್ದರೆ ಮುಚ್ಚಿಡಬೇಡಿ.

7. ತಾಳಿ, ಕಾಲುಂಗುರ, ಉಡಿದಾರದ ತಾಯಿತ ಮನೆಯಲ್ಲೇ ಇಟ್ಟು ಬನ್ನಿ. ಪೇಸ್‌ಮೇಕರ್ ಇದ್ದರೆ ಬಾಗಿಲಲ್ಲೇ ಹೇಳಿ.

8. ಫಿಲ್ಮ್ ಜೊತೆ ಸಿ.ಡಿ. ಕೇಳಿ ತನ್ನಿ. ಫಿಲ್ಮ್ ನೋಡಿ ಡೈ ಸೋರಿಕೆಯ ಗೆರೆಯನ್ನು ಯಾರೂ ಮತ್ತೆ ಲೆಕ್ಕ ಹಾಕಲಾರರು. ಸಿ.ಡಿ. ಇಲ್ಲದೆ ಹೋದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮತ್ತೆ ಸ್ಕ್ಯಾನ್, ಮತ್ತೆ ಸರದಿ.

9. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಆದರೆ ತುರ್ತು ಇಲ್ಲದಿದ್ದಾಗ ಸರ್ಕಾರಿ ಆಸ್ಪತ್ರೆಯ ರೆಫರಲ್ ಕೇಳುತ್ತಾರೆ. ತಾಲೂಕು ಆಸ್ಪತ್ರೆಯಲ್ಲೋ ರಾಯಚೂರಿನ ರಿಮ್ಸ್‌ನಲ್ಲೋ ಆ ಚೀಟಿ ಮಾಡಿಸಿಕೊಂಡು, ರೇಷನ್ ಕಾರ್ಡು, ಆಧಾರ್ ಜೊತೆಗಿಟ್ಟುಕೊಂಡೇ ರಾತ್ರಿ ಬಸ್ಸು ಹತ್ತಿ.